ಕೇಳದೆ ತೆಗೆದ ಮಾತು

ಮಹಿಳೆಯರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಚಂದ್ರಕಲಾ ಬೋನಾಳದ ಅಮೃತಮ್ಮನ ಮನೆಗೆ ಬಂದಿದ್ದಳು. ಅಮೃತಮ್ಮ ರೊಟ್ಟಿ ಬಡಿಯುತ್ತ, ಸೊಸೆಗೆ ಗರ್ಭ ನಿಲ್ಲದ ಸಂಕಟವನ್ನೆಲ್ಲ ಹೇಳಿಕೊಂಡಳು. ಚಹಾ ಕೊಡಲು ಬಗ್ಗಿದಾಗ, ಚಾಪೆಯ ಮೇಲಿದ್ದ ಚಂದ್ರಕಲಾಳ ಮೊಬೈಲಿನಲ್ಲಿ ತನ್ನ ಮಾತು ರೆಕಾರ್ಡ್ ಆಗುತ್ತಿರುವುದು ಕಂಡಿತು.

“ನನ್ನ ಕೇಳಲಾರದ ಮಾತು ತುಂಬಕೊಳ್ಳಾಕತ್ತಿಯಲ್ಲ! ಇದೆಂಥಾ ಓದವಾ ನಿಂದು?”

“ಹೇಳಿದ್ರ ಯಾರೂ ಬಿಚ್ಚಿ ಮಾತಾಡಂಗಿಲ್ರಿ ಅಮ್ಮಾ. ನಿಮ್ಮ ಹೆಸರು ಎಲ್ಲೂ ಬರಂಗಿಲ್ರಿ.”

“ಮಗಳಂತ ತಿಳದು ಹೇಳೀನಿ ನಿನಗ. ಅಳಸು, ನನ್ನ ಕಣ್ಣಮುಂದ!”

ಚಂದ್ರಕಲಾ ತಲೆ ತಗ್ಗಿಸಿ ಅಳಿಸಿದಳು. ಅಷ್ಟರಲ್ಲಿ ನೀರಿನ ಕೊಡ ಹೊತ್ತು ಬಂದ ಸೊಸೆ ಬಸಲಿಂಗಮ್ಮ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಆಕಿ ನಿಮಗ ಕೇಳಲಿಲ್ಲ ಅಂತ ಸಿಟ್ಟಾಗೀರಿ. ನನ್ನ ಸಂಕಟ ಹೇಳೋ ಮುಂದ ನೀವರೆ ನನಗ ಕೇಳಿದ್ರೇನ್ರಿ, ಅತ್ತಿ?”

ಅಮೃತಮ್ಮ ಹಿಟ್ಟಿನ ಕಡೆ ತಿರುಗಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ಬಸಲಿಂಗಮ್ಮ ಕೊಡ ಇಳಿಸಿ, ಚಂದ್ರಕಲಾಳಿಗೆ ಬಾಗಿಲು ತೋರಿಸಿದಳು.