ಯಾರೂ ಏನೂ ಮುಟ್ಟಿಲ್ಲ

ರಿಪೇರಿಗೆ ಹೋದ ಕಡೆಯೆಲ್ಲ ಪುಟ್ಟಿಗೆ ಮೊದಲು ಸಿಗುವುದು ಒಂದು ಲೋಟ ನೀರು, ಆಮೇಲೆ ಒಂದು ಸುಳ್ಳು. ಗುಂಡಿ ಅಂಗಡಿಯ ಬಿಲ್ಲಿನ ಅಕ್ಕ ನೀರಿಗೂ ಮೊದಲೇ ಸುಳ್ಳನ್ನು ಮುಂದಿಟ್ಟರು.

“ನಾವ್ಯಾರೂ ಏನೂ ಮುಟ್ಟಿಲ್ಲಮ್ಮ. ನಿನ್ನೆ ಸಂಜೆ ಚೆನ್ನಾಗೇ ಇತ್ತು. ಬೆಳಿಗ್ಗೆ ಬಂದು ನೋಡಿದ್ರೆ ಹೀಗೆ.”

ಪುಟ್ಟಿ ಎಂದರೆ ಚಿಕ್ಕ ಹುಡುಗಿಯೇನಲ್ಲ, ನಲವತ್ತು ದಾಟಿದ ಹೆಂಗಸು. ಅಮ್ಮ ಮುದ್ದಿಗೆ ಕರೆದದ್ದು ಮನೆಯಿಂದ ಆಫೀಸಿಗೆ ಹೋಗಿ, ಅಲ್ಲಿಂದ ಗಿರಾಕಿಗಳ ಬಾಯಿಗೂ ಬಿದ್ದಿತ್ತು. ಅಂಗಿಯ ಗುಂಡಿ, ಜಿಪ್ಪು, ನೂಲು, ಕೊಕ್ಕೆಗಳನ್ನು ಸಗಟಾಗಿ ಮಾರುವ ಈ ಅಂಗಡಿಗೆ ಬಿಲ್ಲು ಮಾಡುವ ಸಾಫ್ಟ್‌ವೇರ್ ಕೊಟ್ಟಿದ್ದು ಅವಳ ಕಂಪನಿಯೇ. ಅದನ್ನು ಬರೆದ ಮಹಾನುಭಾವ ಎಂದೋ ಕೆಲಸ ಬಿಟ್ಟು ಜೇನು ಸಾಕಲು ಹೋಗಿದ್ದ. ಹೆತ್ತವರು ಯಾರೋ, ಹೊತ್ತವರು ಯಾರೋ ಅನ್ನುವ ಹಾಗೆ ಆ ಮುದಿ ಸಾಫ್ಟ್‌ವೇರಿನ ಕೆಮ್ಮು ನೆಗಡಿಗಳೆಲ್ಲ ಪುಟ್ಟಿಯ ಪಾಲಿಗೆ ಬಿದ್ದಿದ್ದವು.

ಅದು ಕೈಕೊಟ್ಟಿದ್ದಾದರೂ ಇವತ್ತೇ. ಇವತ್ತು ಮಧ್ಯಾಹ್ನ ನಾಲ್ಕಕ್ಕೆ ಕಣ್ಣಾಸ್ಪತ್ರೆಯಲ್ಲಿ ಅಮ್ಮನ ಕಣ್ಣಿನ ಪಟ್ಟಿ ಬಿಚ್ಚುವವರಿದ್ದರು. ಅಮ್ಮನ ಎಡಗಣ್ಣು ಹೋಗಿ ಬಹಳ ಕಾಲವಾಗಿತ್ತು. ಉಳಿದ ಬಲಗಣ್ಣಿಗೂ ಪೊರೆ ಕಟ್ಟಿ, ಈಚಿನ ವರ್ಷಗಳಲ್ಲಿ ಎದುರಿಗಿರುವುದು ಮಗಳೋ ಬಾಗಿಲೋ ಎಂದು ಧ್ವನಿಯಿಂದಲೇ ತಿಳಿಯಬೇಕಿತ್ತು. ಆಪರೇಷನ್ನಿಗೆ ಒಪ್ಪಿಸಲು ಮನೆಮಂದಿಯೆಲ್ಲ ಹರಸಾಹಸ ಪಟ್ಟ ಮೇಲೆ ಅಮ್ಮ ಒಂದು ಷರತ್ತು ಹಾಕಿದ್ದರು.

“ಪಟ್ಟಿ ಬಿಚ್ಚುವಾಗ ನೀನು ಎದುರಿಗಿರ್ಬೇಕು. ಕಾಣ್ಸಿದ್ರೆ ಮೊದಲು ನಿನ್ನ ಮುಖ ಕಾಣ್ಲಿ. ಕಾಣ್ಸದೇ ಇದ್ರೆ ನಿನ್ನ ಕೈಯಾದ್ರೂ ಇರ್ಲಿ.”

ಪುಟ್ಟಿ ಮಾತು ಕೊಟ್ಟಿದ್ದಳು. ಬೆಳಿಗ್ಗೆ ಆಸ್ಪತ್ರೆಯಲ್ಲಿ ತಮ್ಮನನ್ನು ಬಿಟ್ಟು, ಒಂದೇ ಗಳಿಗೆ, ಬಂದುಬಿಡುತ್ತೇನೆ ಎಂದು ಇಲ್ಲಿಗೆ ಓಡಿ ಬಂದಿದ್ದಳು. ಈಗ ಊಟದ ಹೊತ್ತು ಮೀರಿತ್ತು.

ಸರ್ವರ್ ಇದ್ದದ್ದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಕೊಕ್ಕೆಯ ಡಬ್ಬಗಳ ಮೇಲೆ. ಅದರ ಮುಂದೆ ಕೂರಬೇಕಾದರೆ ತಲೆ ತಗ್ಗಿಸಬೇಕು, ಏಳಬೇಕಾದರೆ ಮೆಟ್ಟಿಲಿಗೆ ತಲೆ ಬಡಿಸಿಕೊಳ್ಳಬೇಕು. ರೋಗವಂತೂ ವಿಚಿತ್ರ. ಸಾಮಾನಿನ ಹೆಸರು, ಗಿರಾಕಿಯ ಹೆಸರು, ಎಲ್ಲ ತುಂಬುವವರೆಗೂ ಸಾಫ್ಟ್‌ವೇರ್ ಹಸುವಿನ ಹಾಗೆ ಸಾಧು. ಬಿಲ್ಲು ಮುಗಿಸಿ ಕೊನೆಯ ಕೀಲಿ ಒತ್ತಿದರೆ ಸಾಕು, ‘ದಯವಿಟ್ಟು ಕಾಯಿರಿ’ ಎಂದು ಬರೆದು ಕಲ್ಲಾಗಿ ಕೂರುತ್ತಿತ್ತು. ಏನು ಕಾಯಬೇಕು, ಯಾರಿಗಾಗಿ ಕಾಯಬೇಕು ಎಂದು ಜಪ್ಪಯ್ಯ ಅಂದರೂ ಹೇಳುತ್ತಿರಲಿಲ್ಲ.

ಪುಟ್ಟಿ ಸರ್ವರನ್ನು ಆರಿಸಿ ಹಚ್ಚಿದಳು. ವೈರುಗಳನ್ನು ಬದಲಿಸಿದಳು. ಡಿಸ್ಕಿನಲ್ಲಿ ಜಾಗ ಇದೆಯೇ ನೋಡಿದಳು, ಇತ್ತು. ಸಾಫ್ಟ್‌ವೇರಿನ ನಿನ್ನೆಯ ಪ್ರತಿಯನ್ನು ತಂದು ಕೂರಿಸಿದಳು. ಅದೂ ‘ದಯವಿಟ್ಟು ಕಾಯಿರಿ’ ಎಂದಿತು. ದಯೆಯಂತೆ ದಯೆ! ಅವಳಿಗೆ ಆ ಪೆಟ್ಟಿಗೆಯನ್ನು ಎತ್ತಿ ಬೀದಿಗೆ ಎಸೆಯಬೇಕೆನಿಸಿತು.

ಬೀದಿಯಲ್ಲಿ ಬಟ್ಟೆ ಕಾರ್ಖಾನೆಗಳ ವ್ಯಾನುಗಳು ಸಾಲುಗಟ್ಟಿ ಹಾರನ್ ಬಾರಿಸುತ್ತಿದ್ದವು. ಬಿಲ್ಲಿಲ್ಲದೆ ಒಂದು ಗುಂಡಿಯೂ ಹೊರಗೆ ಹೋಗುವಂತಿಲ್ಲ. ಯಜಮಾನರು ಅವಳ ಬೆನ್ನಿಗೇ ನಿಂತಿದ್ದರು. ಆಗಾಗ ಅವರ ತೋರುಬೆರಳು ಅವಳ ಹೆಗಲ ಮೇಲಿಂದ ಹಾದು ಬಂದು ಕೀಲಿಯನ್ನು ಕುಟ್ಟುತ್ತಿತ್ತು.

“ಇನ್ನೊಂದ್ಸಲ ಎಂಟರ್ ಒತ್ತಿ ನೋಡೋಣ.”

“ಬೇಡಿ ಸಾರ್.”

“ಕೆಲವು ಸಲ ಜೋರಾಗಿ ಒತ್ಬೇಕಾಗುತ್ತೆ.”

ಪುಟ್ಟಿ ಹಲ್ಲು ಕಚ್ಚಿದಳು. “ಇದಕ್ಕೆ ಬೇರೆ ಏನಾದ್ರೂ ಸೇರ್ಸಿದೀರಾ ಅಕ್ಕಾ? ಬೇರೆ ಕಂಪ್ಯೂಟರ್, ಬೇರೆ ಪ್ರಿಂಟರ್?”

“ಪ್ರಿಂಟರ್ ಇದೊಂದೇ ಇರೋದು,” ಎಂದು ಬಿಲ್ಲಿನ ಅಕ್ಕ ತಮ್ಮ ಮೇಜಿನ ಹೊಸ ಪ್ರಿಂಟರನ್ನು ಅಕ್ಕರೆಯಿಂದ ತಟ್ಟಿದರು.

ಆಗ ಫೋನು ಬಂತು. ಆಸ್ಪತ್ರೆಯಿಂದ ತಮ್ಮ ಡಯಲ್ ಮಾಡಿ ಅಮ್ಮನ ಕಿವಿಗೆ ಹಿಡಿದಿದ್ದ.

“ಎಲ್ಲಿದೀಯೇ?”

“ಗುಂಡಿ ಅಂಗಡೀಲಮ್ಮ.”

“ಸುಳ್ಳು ಹೇಳ್ಬೇಡ. ಅಲ್ಲಿದ್ರೆ ಹಿಂದೆ ಕಿರ್ರ್ ಕಿರ್ರ್ ಅಂತ ಸದ್ದು ಬರ್ಬೇಕಲ್ಲ? ಪ್ರತಿ ಸಲ ಅಲ್ಲಿಂದ ಮಾತಾಡಿದಾಗ್ಲೂ ನಂಗೆ ತಲೆನೋವು ಬರೋ ಹಾಗೆ—”

“ಅಮ್ಮಾ, ನನ್ನ ಪ್ರಾಣ ತಿನ್ಬೇಡ. ಇಲ್ಲೇ ಇದೀನಿ, ಬರ್ತೀನಿ,” ಎಂದು ಪುಟ್ಟಿ ಫೋನು ಕುಕ್ಕಿದಳು. ಕುಕ್ಕಿದ ಮೇಲೆ ಸಂಕಟವಾಯಿತು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕತ್ತಲಲ್ಲಿ ಕೂತ ತಾಯಿಯ ಮೇಲೆ ರೇಗುವ ಮಗಳು ತಾನು. ಸಂಕಟವೂ ಕೋಪವಾಗಿ ತಿರುಗಿ, ಜೇನು ಸಾಕುವವನಿಗೆ ಅವನ ಹುಳುಗಳೇ ಕಚ್ಚಲಿ ಎಂದು ಶಪಿಸಿ, ಅವನ ಸಾಫ್ಟ್‌ವೇರಿಗೆ ಮತ್ತೆ ಕೈ ಹಾಕಿದಳು.

ಮೂರೂವರೆಗೆ ಫೋನು ಮತ್ತೆ ಬಂತು. ಅಮ್ಮನ ಧ್ವನಿಯಲ್ಲಿ ಈ ಸಲ ಜೋರಿರಲಿಲ್ಲ.

“ಪುಟ್ಟೀ, ಇನ್ನೂ ಸದ್ದು ಕೇಳ್ತಿಲ್ಲ. ಅಲ್ಲಿಂದ ಹೊರಟಿದೀಯ ಅಲ್ವಾ? ದಾರೀಲಿದೀಯ ಅಲ್ವಾ?”

ಪುಟ್ಟಿ ಗೋಡೆಯ ಕಡೆ ಕಿವಿಗೊಟ್ಟಳು. ಹೌದಲ್ಲ! ಈ ಅಂಗಡಿಗೆ ಬಂದಾಗಲೆಲ್ಲ ಗೋಡೆಯ ಆ ಕಡೆಯಿಂದ ಕಿರ್ರ್ ಕಿರ್ರ್ ಎಂದು ಕೇಳುತ್ತಲೇ ಇರುತ್ತಿತ್ತು. ಗುಂಡಿ ಎಣಿಸುವ ಯಂತ್ರವೋ ಏನೋ ಅಂದುಕೊಂಡಿದ್ದಳು, ಎಂದೂ ಕೇಳಿರಲಿಲ್ಲ. ಇವತ್ತು ಗೋಡೆ ಮೂಕವಾಗಿತ್ತು.

“ಅಮ್ಮಾ, ಈಗ ಬಂದೆ,” ಎಂದವಳೇ ಎದ್ದಳು, ಮೆಟ್ಟಿಲಿಗೆ ತಲೆ ಬಡಿಯಿತು, ತಲೆ ಉಜ್ಜಿಕೊಳ್ಳುತ್ತಲೇ ಗೋದಾಮಿಗೆ ನುಗ್ಗಿದಳು.

ಗೋದಾಮು ನೋಡಿಕೊಳ್ಳುವವರನ್ನು ಎಲ್ಲರೂ ಮಾವ ಎನ್ನುತ್ತಿದ್ದರು. ಮಾವ ಜಿಪ್ಪಿನ ಮೂಟೆಯ ಮೇಲೆ ಕೂತು ಆಕಳಿಸುತ್ತಿದ್ದರು.

“ಮಾವ, ಇಲ್ಲೊಂದು ಕಿರ್ರ್ ಅನ್ನೋದು ಇತ್ತಲ್ಲ?”

“ಅದಾ? ಅಲ್ಲಿದೆ ನೋಡಿ. ಬೆಳಿಗ್ಗೆ ಪೀಂ ಪೀಂ ಅಂತ ಬಡ್ಕೊಳ್ಳೋಕೆ ಶುರುಮಾಡ್ತು. ಆರಿಸ್ಬಿಟ್ಟೆ.”

ಕಪಾಟಿನ ಮೇಲೆ ಧೂಳು ಹೊದ್ದು ಕೂತಿತ್ತು ಒಂದು ಓಬೀರಾಯನ ಕಾಲದ ಪ್ರಿಂಟರ್. ಅಂಚಿಗೆ ತೂತುಗಳಿರುವ ಉದ್ದನೆಯ ಕಾಗದವೊಂದು ಅದರ ಸುತ್ತ ಹಾದು ಬಂದಿತ್ತು. ಅದರ ಎರಡು ತುದಿಗಳನ್ನು ಟೇಪಿನಿಂದ ಒಂದಕ್ಕೊಂದು ಅಂಟಿಸಿ ಬಳೆಯ ಹಾಗೆ ಮಾಡಿದ್ದರು. ಟೇಪಿನ ಹತ್ತಿರ ಕಾಗದ ಸವೆದು ಹರಿದಿತ್ತು.

“ಪ್ರಿಂಟರ್ ಒಂದೇ ಇರೋದು ಅಂದ್ರಲ್ಲ ಆ ಅಕ್ಕ!” ಪುಟ್ಟಿಯ ಧ್ವನಿ ಸೂರು ಮುಟ್ಟಿತು.

“ಇದು ಪ್ರಿಂಟರ್ ಅಲ್ಲಮ್ಮ,” ಮಾವ ಶಾಂತವಾಗಿ ಹೇಳಿದರು. “ಪ್ರಿಂಟ್ ಆದ್ರೆ ತಾನೆ ಪ್ರಿಂಟರು? ಇದರಲ್ಲಿ ಮಸಿ ಪಟ್ಟೀನೇ ಇಲ್ಲ.”

ಬಿಡಿಸಿ ಬಿಡಿಸಿ ಕೇಳಿದಾಗ ಕಥೆ ಹೊರಬಿತ್ತು. ಮೊದಲೆಲ್ಲ ಪ್ರತಿ ಬಿಲ್ಲಿನ ಒಂದು ಪ್ರತಿ ಗೋದಾಮಿನಲ್ಲೂ ಅಚ್ಚಾಗುತ್ತಿತ್ತು. ಆಮೇಲೆ ಅದನ್ನು ಯಾರೂ ನೋಡುತ್ತಿರಲಿಲ್ಲ. ಮಸಿ, ಕಾಗದ ದಂಡ ಎಂದು ಯಜಮಾನರು ಎರಡನ್ನೂ ನಿಲ್ಲಿಸಿದರು. ಕಾಗದವಿಲ್ಲದಿದ್ದರೆ ಅದು ಪೀಂಗುಟ್ಟುತ್ತದೆ. ಅದಕ್ಕೇ ಮಾವ ಒಂದೇ ಕಾಗದವನ್ನು ಬಳೆ ಮಾಡಿ ತೊಡಿಸಿದರು. ಅಂದಿನಿಂದ ಆ ಪ್ರಿಂಟರ್ ಒಂದೇ ಕಾಗದವನ್ನು ಸುತ್ತಿಸುತ್ತ, ಮಸಿಯಿಲ್ಲದೆ, ಯಾರಿಗೂ ಕಾಣದ ಬಿಲ್ಲುಗಳನ್ನು ವರ್ಷಗಟ್ಟಲೆ ನಿಷ್ಠೆಯಿಂದ ಹೊಡೆಯುತ್ತ ಬಂದಿತ್ತು. ಗೋದಾಮಿಗೆ ತಿಳಿಯದೆ ಸಾಮಾನು ಹೊರಗೆ ಹೋಗಬಾರದೆಂದು ಜೇನಿನವನು ಹಾಕಿಟ್ಟ ಕಟ್ಟಳೆ ಅದು. ಈ ಪ್ರತಿ ಅಚ್ಚಾಗದೆ ಬಿಲ್ಲು ಮುಗಿಯುವುದೇ ಇಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಇಡೀ ದಿನ ಸರ್ವರಿಗೆ ಬರೆ ಎಳೆದಿದ್ದಳು ಪುಟ್ಟಿ. “ಯಾರೂ ಏನೂ ಮುಟ್ಟಿಲ್ಲ ಅಂದ್ರಿ!”

“ಕಂಪ್ಯೂಟರ್ ಯಾರು ಮುಟ್ಟಿದ್ರು?” ಮಾವನಿಗೆ ನಿಜಕ್ಕೂ ಬೇಸರವಾಗಿತ್ತು. “ನಾನು ಇದನ್ನ ಆರಿಸ್ದೆ, ಅಷ್ಟೇ.”

ಸರಿಯಾಗಿ ಮಾಡಬೇಕೆಂದರೆ ಸಾಫ್ಟ್‌ವೇರನ್ನೇ ಬಿಚ್ಚಿ ಆ ಕಟ್ಟಳೆ ಕೀಳಬೇಕು. ಅದಕ್ಕೆ ಇಡೀ ದಿನ ಬೇಕು. ಗಡಿಯಾರ ನೋಡಿದ ಪುಟ್ಟಿ, ಕಂಡಕಂಡವರ ತೇಪೆ ಕೆಲಸವನ್ನು ಬಾಯಿಗೆ ಬಂದಂತೆ ಬಯ್ಯುವ ಪುಟ್ಟಿ, “ಟೇಪು ಕೊಡಿ ಮಾವ” ಎಂದಳು. ಹೊಸ ಕಾಗದದ ತುದಿಗಳನ್ನು ತಾನೇ ಅಂಟಿಸಿ ಬಳೆ ತೊಡಿಸಿ ಸ್ವಿಚ್ಚು ಒತ್ತಿದಳು. ಕಿರ್ರ್ ಕಿರ್ರ್ ಎಂದಿತು. ಆ ಕಡೆಯಿಂದ ಯಜಮಾನರ ಕೂಗು ಕೇಳಿತು. “ಬಂತು! ನಾನು ಹೇಳ್ಲಿಲ್ವಾ, ಎಂಟರ್ ಜೋರಾಗಿ ಒತ್ಬೇಕು ಅಂತ!”

ಅವಳಿಗೆ ಜಗಳಕ್ಕೂ ಪುರುಸೊತ್ತಿರಲಿಲ್ಲ.

ದಾರಿಯುದ್ದಕ್ಕೂ ಎಲ್ಲ ಸಿಗ್ನಲ್ಲುಗಳೂ ಕೆಂಪಾದವು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ನಾಲ್ಕು ಹೊಡೆದು ಬಹಳ ಹೊತ್ತಾಗಿತ್ತು. ಮಾತು ತಪ್ಪಿದೆನಲ್ಲ ಎಂದು ಎರಡೆರಡು ಮೆಟ್ಟಿಲು ಹಾರಿದಳು. ಕೋಣೆಯ ಬಾಗಿಲಲ್ಲೇ ಡಾಕ್ಟರಮ್ಮ ಸಿಡಿಮಿಡಿಗೊಂಡು ನಿಂತಿದ್ದರು.

“ಮಗಳು ನೀವೇನಾ? ಪಟ್ಟಿ ಬಿಚ್ಚಿ ಎಷ್ಟೋ ಹೊತ್ತಾಯ್ತು. ನಿಮ್ಮ ತಾಯಿ ಕಣ್ಣೇ ಬಿಡ್ತಿಲ್ಲ. ಕಾಣ್ಸುತ್ತೋ ಇಲ್ವೋ ನಾನು ಹೇಗೆ ನೋಡ್ಲಿ?”

ಅಮ್ಮ ಮಂಚದ ಮೇಲೆ ನೆಟ್ಟಗೆ ಕೂತು, ಕಹಿ ಮದ್ದು ಬೇಡವೆನ್ನುವ ಮಗುವಿನ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿದ್ದರು. ಪಕ್ಕದಲ್ಲಿ ತಮ್ಮ ಸೋತು ಸುಣ್ಣವಾಗಿದ್ದ.

“ಪುಟ್ಟೀನಾ?”

“ಹೂಂ ಅಮ್ಮ.”

“ಎದುರಿಗೆ ನಿಂತ್ಕೋ.”

ಪುಟ್ಟಿ ನಿಂತಳು. ಅಮ್ಮನ ಕೈ ಹಿಡಿದುಕೊಂಡಳು. ರೆಪ್ಪೆ ಮೆಲ್ಲಗೆ ಅಲುಗಿತು, ನೀರು ಸುರಿಯಿತು. ಬಲಗಣ್ಣು ಅತ್ತಿತ್ತ ತಡಕಾಡಿ ಅವಳ ಮುಖದ ಮೇಲೆ ಬಂದು ನಿಂತಿತು. ಅಲ್ಲಿಂದ ಕದಲಲಿಲ್ಲ. ಅಮ್ಮ ಇನ್ನೊಂದು ಕೈ ಎತ್ತಿ ಅವಳ ಕಿವಿಯ ಮೇಲಿನ ಕೂದಲನ್ನು ನೇರವಾಗಿ, ತಡವರಿಸದೆ, ಮುಟ್ಟಿದರು.

“ಅಯ್ಯೋ ನನ್ನ ಕೂಸೇ, ಇದ್ಯಾವಾಗ ಇಷ್ಟೊಂದು ನರೆತು ಹೋಯ್ತೇ?”

ಬೆಳಿಗ್ಗೆಯಿಂದ ಹಿಡಿದಿಟ್ಟುಕೊಂಡಿದ್ದೆಲ್ಲ ಪುಟ್ಟಿಯ ಕಣ್ಣಿನಿಂದ ಒಮ್ಮೆಗೇ ಹರಿಯಿತು. ಅಳುತ್ತಲೇ ನಕ್ಕಳು.

“ನಾನೇನೂ ಮುಟ್ಟಿಲ್ಲಮ್ಮ,” ಎಂದಳು. “ನಿನ್ನೆ ಸಂಜೆ ಚೆನ್ನಾಗೇ ಇತ್ತು.”