ಕಿಡಿ ಕಾರದ ಕಾರು

ಕಂಡವರ ಹಲ್ಲಿನ ಸಂದು ತುಂಬಿ ಹೆಸರು ಮಾಡಿದ ಹಲ್ಲು ಡಾಕ್ಟರಿಗೆ ತಮ್ಮ ಹಳೇ ಕಾರಿನ ಒಂದು ಸಂದು ಮಾತ್ರ ಬಗ್ಗಿರಲಿಲ್ಲ. ಎಂಜಿನ್ನಿಗೆ ಅಂಟಿಕೊಂಡ ಡಿಸ್ಟ್ರಿಬ್ಯೂಟರ್ ಎಂಬ ಡಬ್ಬಿಯೊಳಗೆ 'ಪಾಯಿಂಟು' ಎಂಬ ಎರಡು ಪುಟ್ಟ ಲೋಹದ ತುಟಿಗಳಿದ್ದವು. ಅವು ಮುತ್ತಿಟ್ಟು ಬಿಟ್ಟಾಗಲೆಲ್ಲ ಪ್ಲಗ್ಗಿನಲ್ಲೊಂದು ಕಿಡಿ ಹಾರಬೇಕು. ಇವೋ, ಅಂಟಿಕೊಂಡರೆ ಬಿಡವು, ಬಿಟ್ಟರೆ ಕೂಡವು. ರಜೆ ಬಂತೆಂದರೆ ಡಾಕ್ಟರು ತೆಳ್ಳನೆಯ ತಗಡು ತೂರಿಸಿ ಸಂದು ಅಳೆಯುವುದು, ಹುಳುಕು ಉಜ್ಜುವುದು, ಅಭ್ಯಾಸಬಲದಿಂದ "ಸ್ವಲ್ಪ ಬಾಯಿ ತೆಗಿ" ಎಂದು ಗೊಣಗುವುದು. ಮರುದಿನ ಥಂಡಿ ಬಿದ್ದರೆ ಕಾರು ಮತ್ತೆ ಗಪ್‌ಚಿಪ್. ಕಾರು ಕಿಡಿ ಕಾರದಿದ್ದರೆ ಆ ಕೆಲಸ ಹೆಂಡತಿಯ ಪಾಲಿಗೆ ಬರುತ್ತದೆ.

ಆ ಹೆಂಡತಿಯೇ ಟೈಲರಮ್ಮ. ಊಟದ ಮೇಜೇ ಅವಳ ಅಂಗಡಿ. ಮೊನ್ನೆ ಅನ್ನದಲ್ಲಿ ಕಲ್ಲಿನ ಬದಲು ಅಂಗಿಯ ಗುಂಡಿ ಸಿಕ್ಕಿ, ಡಾಕ್ಟರ ಹಲ್ಲನ್ನೇ ಇನ್ನೊಬ್ಬ ಡಾಕ್ಟರು ತುಂಬಬೇಕಾಯಿತು. ಮನೆ ಪಕ್ಕದ ಅಗಲ ಬಾಗಿಲಿನ, ಒಳ್ಳೆ ಬೆಳಕಿನ ಶೆಡ್ಡಿನಲ್ಲಿ ಕಾರು ಕಾಲು ಚಾಚಿ ಮಲಗಿರುವುದನ್ನು ಕಂಡಾಗಲೆಲ್ಲ ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಅಲ್ಲಿ ಕಟಿಂಗ್ ಟೇಬಲ್, ಇಲ್ಲಿ ಮೆಷಿನ್ನು ಎಂದು ಮನಸ್ಸಿನಲ್ಲೇ ಸಂಸಾರ ಹೂಡಿಯಾಗಿತ್ತು. ಕೊನೆಗೆ ಪಟ್ಟು ಹಿಡಿದಳು.

"ರೀ, ಈ ಭಾನುವಾರ ಊಟದ ಹೊತ್ತಿಗೆ ಸ್ಟಾರ್ಟ್ ಆದ್ರೆ ಕಾರು ಇರ್ಲಿ. ಆಗ್ಲಿಲ್ವಾ, ಕಾರು ಗುಜರಿಗೆ, ಶೆಡ್ಡು ನನಗೆ."

ಡಾಕ್ಟರು ಒಪ್ಪಿದರು. ಒಪ್ಪದೆ ಊಟ ಬರುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆಯೇ ಅವಳ ತಮ್ಮ ಬಂದ. ಲಿಫ್ಟ್ ರಿಪೇರಿ ಅವನ ಕಸುಬು. "ಏನ್ ಭಾವ, ಇನ್ನೂ ಪಾಯಿಂಟ್ ಹಿಡ್ಕೊಂಡು ಕೂತಿದೀರಾ? ಕಾಲ ಎಷ್ಟೋ ಮಹಡಿ ಮೇಲೆ ಹೋಯ್ತು!"

"ಅದಕ್ಕೇ ಅಪ್ಪಾ, ಎಲೆಕ್ಟ್ರಾನಿಕ್ ತರಿಸಿದೀನಿ. ಇದ್ರಲ್ಲಿ ತುಟಿಗೆ ತುಟಿ ತಾಗೋದೇ ಇಲ್ಲ. ಅಯಸ್ಕಾಂತದ ಬಳೆ ತಿರುಗುತ್ತೆ, ಈ ಪುಟ್ಟ ಪೆಟ್ಟಿಗೆ ದೂರದಿಂದ್ಲೇ ನೋಡಿ ಕಿಡಿ ಹಾರಿಸುತ್ತೆ."

"ದೂರದಿಂದ್ಲೇ ನೋಡಿ ಕಿಡಿ ಹಾರಿಸೋದು ನಮ್ಮಕ್ಕನಿಗೂ ಬರುತ್ತೆ ಬಿಡಿ."

ಅಕ್ಕ ಶೆಡ್ಡಿನ ಹೊಸ್ತಿಲಲ್ಲೇ ಕೂತು, ಗಿರಾಕಿಯ ಕೋಟಿನ ಅಂಚು ಮಡಚುತ್ತಿದ್ದಳು. ತುಟಿಗಳ ನಡುವೆ ಸಾಲು ಗುಂಡುಸೂಜಿ. ಉತ್ತರ ಕೊಡಲಾರದೆ ಒಂದು ನೋಟ ಬಿಟ್ಟಳು. ತಮ್ಮ ತಣ್ಣಗಾದ.

ಡಾಕ್ಟರು ಹಳೇ ಪಾಯಿಂಟನ್ನು ಕೆಟ್ಟ ದವಡೆಹಲ್ಲಿನಂತೆ ಕಿತ್ತರು. ಬಳೆ ಕೂರಿಸಿದರು, ಪೆಟ್ಟಿಗೆ ಬಿಗಿದರು. ಎರಡು ಕೈಯೂ ಡಬ್ಬಿಯೊಳಗೆ ಸಿಕ್ಕಿಕೊಂಡದ್ದರಿಂದ ಟಾರ್ಚು ಬಾಯಿಗೆ ಬಂತು. ಚಾರ್ಜಿಗೆಂದು ಬಿಚ್ಚಿದ್ದ ಬ್ಯಾಟರಿಯನ್ನು ಮತ್ತೆ ಸಿಕ್ಕಿಸುವ ಕೆಲಸ ತಮ್ಮನಿಗೆ ಬಿತ್ತು.

"ಭಾವ, ಬಾಡಿಗೆ ಏನು ಕೊಡ್ಲಿ?"

ಸ್ವಂತ ಮನೆಯಲ್ಲಿ ಬಾಡಿಗೆಯ ಮಾತೇಕೆ ಬಂತೆಂದು ಟೈಲರಮ್ಮನ ಕಿವಿ ನಿಮಿರಿತು.

"ಕಾರಿನ ಬಾಡಿಗೆ, ಮೈಗೆ ಭಾವ! ಪಾಸಿಟಿವ್ ತಂತಿನೋ, ನೆಗೆಟಿವ್ ತಂತಿನೋ?"

"ಆಆಇಟಿಉ!" ಎಂದರು ಡಾಕ್ಟರು ಟಾರ್ಚಿನ ಸುತ್ತ.

"ನೆಗೆಟಿವ್ ತಾನೆ? ಗೊತ್ತಿತ್ತು ಬಿಡಿ. ಎಲ್ಲಾ ಕಾರಿಗೂ ಅದೇ."

ಈ ಕಾಲದ ಕಾರುಗಳಿಗೇನೋ ಅದೇ. ಅಜ್ಜನ ಕಾಲದ ಈ ಕಾರಿನದು ಉಲ್ಟಾ ಸಂಸಾರ: ಪಾಸಿಟಿವ್ ತಂತಿಯೇ ಬಾಡಿಗೆ ಸೇರಬೇಕು. ತಪ್ಪಿದರೆ, ಕೀಲಿ ತಿರುಗಿಸಿದ ಕ್ಷಣವೇ ಹೊಸ ಪೆಟ್ಟಿಗೆ ಸುಟ್ಟು ಕರಕಲು. ನೆಗೆಟಿವ್ ತಂತಿ ಬಿಗಿದು, ತಮ್ಮ ಶಿಳ್ಳೆ ಹೊಡೆಯುತ್ತ ಕೀಲಿಯತ್ತ ಹೊರಟ. ಡಾಕ್ಟರು ಅದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಬಾನೆಟ್ಟಿನಡಿ ತಲೆ ಹುದುಗಿಸಿಕೊಂಡು ಮುಚ್ಚಳ ಹಾಕುತ್ತಿದ್ದರು.

ಟೈಲರಮ್ಮನಿಗೆ ಎಂಜಿನ್ನಿನ ಗಂಧಗಾಳಿ ಇರಲಿಲ್ಲ. ಆದರೆ ಬಾಯಿ ತುಂಬಿದವರ ಭಾಷೆ ಅವಳಿಗೆ ಅರೆದು ಕುಡಿದ ವಿದ್ಯೆ. ನಾಲಿಗೆ ಅಂಗುಳಕ್ಕೆ ತಾಗಿದರೆ ಸಾಕು, 'ನ' ಬರುತ್ತದೆ, ಬಾಯಲ್ಲಿ ಸೂಜಿ ಇದ್ದರೂ ಬರುತ್ತದೆ. 'ಪ' ಬರಬೇಕಾದರೆ ಮಾತ್ರ ತುಟಿ ಮುಚ್ಚಲೇಬೇಕು. ಗಂಡನ ಬಾಯಿಂದ ಮೊದಲಕ್ಷರವೇ ಹೊರಬಂದಿರಲಿಲ್ಲ, ಅಂದಮೇಲೆ ಅದು 'ಪ'ವೇ.

ಸುಮ್ಮನಿದ್ದರೆ ಶೆಡ್ಡು ಅವಳದು. ಬಾಯಲ್ಲಿ ಸೂಜಿ ಇತ್ತು, ಹೇಗೆ ಮಾತಾಡಲಿ ಅಂದರೆ ಯಾವ ನ್ಯಾಯಾಧೀಶರೂ ತಲೆದೂಗುತ್ತಾರೆ. ಕಟಿಂಗ್ ಟೇಬಲ್ ಕಣ್ಣ ಮುಂದೆ ಬಂತು. ಜತೆಗೆ ಬಾನೆಟ್ಟಿನಿಂದ ಚಾಚಿದ್ದ ಗಂಡನ ಹಿಂಭಾಗವೂ ಬಂತು, ಖುಷಿಯಲ್ಲಿ ತೂಗುತ್ತಿತ್ತು. ಅದನ್ನಾದರೂ ಸಹಿಸಿಕೊಳ್ಳುತ್ತಿದ್ದಳೇನೋ. ಆದರೆ ಕಣ್ಣೆದುರಿಗೇ ತಪ್ಪು ಹೊಲಿಗೆ ಬೀಳುವಾಗ ಸುಮ್ಮನಿರುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ಸೂಜಿಗಳನ್ನೆಲ್ಲ ಅಂಗೈಗೆ ಉಗುಳಿದಳು.

"ಲೋ ಪೆದ್ದೇಶಿ! ಕೀಲಿ ಮುಟ್ಟಬೇಡ! ಅವ್ರು ಅಂದಿದ್ದು ಪಾಸಿಟಿವ್ವು!"

ಡಾಕ್ಟರ ಬಾಯಿಂದ ಟಾರ್ಚು ಬಿತ್ತು. "ಅಯ್ಯೋ, ನೆಗೆಟಿವ್ ಕೊಟ್ಯೇನೋ ಮಾರಾಯ! ಬಿಚ್ಚು, ಬಿಚ್ಚು!"

ತಂತಿ ಅದಲುಬದಲಾಯಿತು. ಕೀಲಿ ತಿರುಗಿತು. ಒಂದೇ ಏಟಿಗೆ ಎಂಜಿನ್ನು ಗುಡುಗಿತು, ಶೆಡ್ಡಿನ ತಗಡೆಲ್ಲ ನಡುಗಿತು. ಡಾಕ್ಟರು ಎಂದೂ ಗಿರಾಕಿಗಳಿಗೆ ತೋರಿಸದ ತಮ್ಮ ಹುಳುಕು ಹಲ್ಲನ್ನೂ ತೋರಿಸಿ ನಕ್ಕರು.

"ನೀನು ಸುಮ್ನಿದ್ದಿದ್ರೆ ಗೆದ್ದಿರ್ತಿದ್ಯಲ್ಲೇ!"

"ಬಾಯ್ ಮುಚ್ಕೊಂಡಿರೋದು ನನ್ನಿಂದ ಯಾವತ್ತಾಗಿದೆ? ಹೋಗಿ, ನಾಲ್ಕು ಬೀದಿ ಸುತ್ತಿ ಬನ್ನಿ. ನಿಧಾನಕ್ಕೆ ಬನ್ನಿ."

ಡಾಕ್ಟರು ಕಂಡವರಿಗೆಲ್ಲ ಹಾರನ್ ಹೊಡೆದು, ಬೀದಿ ಬೀದಿ ಮೆರೆದು ಬಂದರು. ನೋಡಿದರೆ ಶೆಡ್ಡಿನ ನಟ್ಟನಡುವೆ ಹೊಲಿಗೆ ಮೆಷಿನ್ನು. ಊಟದ ಮೇಜಿನ ಕೊನೆಯ ಕಾಲನ್ನು ಅವಳ ತಮ್ಮ ಒಳಗೆ ಎಳೆಯುತ್ತಿದ್ದ.

"ಇದೇನೇ ಅನ್ಯಾಯ! ಸ್ಟಾರ್ಟ್ ಆದ್ರೆ ಕಾರು ಇರ್ಲಿ ಅಂದಿದ್ದೆ!"

"ಇರ್ಲಿ ಅಂದೆ. ಶೆಡ್ಡಲ್ಲೇ ಇರ್ಲಿ ಅಂದ್ನಾ? ಓಡದ ಕಾರಿಗೆ ಶೆಡ್ಡು ಬೇಕು. ಓಡೋ ಕಾರಿಗೆ ರಸ್ತೆ ಇದೆಯಲ್ಲ?"

ಡಾಕ್ಟರಿಗೆ ಅರಿವಳಿಕೆ ಕೊಡದೆ ಹಲ್ಲು ಕಿತ್ತ ಹಾಗಾಗಿತ್ತು.

"ಮಳೆ ಬಂದ್ರೆ?"

"ಗೌನು ಹೊಲಿದು ಕೊಡ್ತೀನಿ. ಇಳೀರಿ ಕೆಳಗೆ, ಸುತ್ತಳತೆ ತಗೋಬೇಕು."

"ನಂದಾ?"

"ಕಾರಿಂದು ಕಣ್ರೀ!"