ನಾಲ್ಕನೇ ಮಹಡಿಗೆ ಗಾಳಿ

"ಮೂವತ್ತೆಂಟೂವರೆ," ಎಂದಳು ಸೊಸೆ, ಸ್ಟೂಲಿನ ಮೇಲಿಂದಲೇ.

"ಯಾರ ವಯಸ್ಸಮ್ಮ ಅದು?" ಎಂದರು ಮಾವ, ಹಾಸಿಗೆಯ ಮೇಲೆ ಕಣ್ಣು ಮುಚ್ಚಿಕೊಂಡೇ.

ಅವಳು ನಗಲಿಲ್ಲ. ಅಟ್ಟದ ಮುಚ್ಚಳದ ಸಂದಿಗೆ ಗೋಣಿಯ ತುಂಡೊಂದನ್ನು ತುರುಕುತ್ತಿದ್ದಳು. ಮುಚ್ಚಳದ ಮೇಲೆ ಅಟ್ಟ, ಅಟ್ಟದ ಮೇಲೆ ತಗಡಿನ ಸೂರು. ಸೂರಿನ ಮೇಲೆ ಸೂರ್ಯ ಬೆಳಗಿನಿಂದ ಬೇರೆ ಕೆಲಸವೇ ಇಲ್ಲದವನ ಹಾಗೆ ಕುಳಿತಿದ್ದ. ಸಂದಿಯಿಂದ ಒಂದು ಎಳೆ ಬಿಸಿಯೂ ಒಳಗೆ ಬರಬಾರದು ಎಂದು ಅವಳ ಹಟ. ಬೆರಳಿನಿಂದ ಒತ್ತಿ, ಚಮಚದ ಹಿಡಿಯಿಂದ ಒತ್ತಿ, ಕೆಳಗಿಳಿದು ನೋಟ್‌ಬುಕ್ಕಿನಲ್ಲಿ ಬರೆದಳು: ಗುರುವಾರ, ಹನ್ನೆರಡು ಗಂಟೆ, ಮೂವತ್ತೆಂಟೂವರೆ.

ಗಂಟೆಗೊಮ್ಮೆ ಹೀಗೆ ಬರೆಯುತ್ತಿದ್ದಳು. ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಕಾರ್ಡು ಬರೆಯುವ ಕೆಲಸ ಅವಳದು. ಬರೆದಿಟ್ಟ ವಿಷಯ ಕೈಮೀರಿ ಹೋಗುವುದಿಲ್ಲ ಎಂಬ ನಂಬಿಕೆ. ಈಗ ರಜೆ ಹಾಕಿ ಕುಳಿತಿದ್ದಳು. ಗಂಡ ರೈಲಿನ ಕೆಲಸದವನು, ಹೋದರೆ ಹತ್ತು ದಿನಕ್ಕೊಮ್ಮೆ ಮುಖ ತೋರಿಸುವವನು.

ಗೋಡೆಯ ಮೇಲಿನ ಉಷ್ಣಮಾಪಕವನ್ನು ತೂಗುಹಾಕಿ ಹೋದವರು ಡಾಕ್ಟ್ರಮ್ಮ. ಮಾವನ ಎದೆಯನ್ನು ಎರಡು ಸಲ ಕೇಳಿ, ಸೊಸೆಯನ್ನು ಮೆಟ್ಟಿಲ ಬಳಿಗೆ ಕರೆದು ಹೇಳಿದ್ದರು: "ಔಷಧಿ ಕೆಲಸ ಮಾಡ್ತಿದೆ. ಈ ಕೋಣೆ ಅದನ್ನ ಕೆಡಿಸ್ತಿದೆ. ಈ ಬಿಸಿಲು ಇನ್ನೂ ಮೂರು ವಾರ ಇರತ್ತಂತೆ. ಶುಕ್ರವಾರ ಮೂರು ಗಂಟೆಗೆ ಬರ್ತೀನಿ. ಆಗ ಮೂವತ್ತೆರಡರ ಕೆಳಗಿದ್ರೆ ಇಲ್ಲೇ ಇರಲಿ. ಇಲ್ಲಾಂದ್ರೆ ಗಾಡಿ ತರಿಸಿ ಆಸ್ಪತ್ರೆಗೆ ಹಾಕ್ತೀನಿ. ನನ್ನನ್ನ ಬೈಕೊಳ್ಳಬೇಡಿ."

ಬೈದುಕೊಳ್ಳುವುದಕ್ಕೆ ಏನಿದೆ? ಆದರೆ ಅತ್ತೆಯನ್ನೂ ಅದೇ ಆಸ್ಪತ್ರೆಗೆ "ಎರಡು ದಿನದ ಮಟ್ಟಿಗೆ" ಎಂದು ಕಳಿಸಿದ್ದರು. ಚಪ್ಪಲಿ ಮಾತ್ರ ಮನೆಗೆ ಬಂದಿತ್ತು. ಮಾವ ಆ ಮಾತು ಎತ್ತಲಿಲ್ಲ. "ಅಲ್ಲಿ ಮಂಚ ಚಿಕ್ಕದು, ನನ್ನ ಕಾಲು ಹೊರಗೆ ಉಳಿಯತ್ತೆ" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿದ್ದರು. "ನಿಮ್ಮನ್ನ ಕಳಿಸಲ್ಲ ಮಾವ" ಎಂದು ಅವಳ ಬಾಯಿಂದ ಬಂದುಬಿಟ್ಟಿತ್ತು. ಮಾತನ್ನು ಅಳೆದು ತೂಗಿ ಆಡುವವಳು, ಅದೊಂದನ್ನು ಅಳೆಯದೆ ಆಡಿದ್ದಳು.

ಊಟವಾದ ಮೇಲೆ ನಾಲ್ಕು ಹಾಸಿಗೆಬಟ್ಟೆಗಳನ್ನು ನೀರಿನಲ್ಲಿ ಅದ್ದಿ, ಹಗ್ಗ ಕಟ್ಟಿ, ಕೋಣೆಯ ತುಂಬ ಹರಡಿದಳು. ಕಿಟಕಿಗಳು ಮುಚ್ಚಿದ್ದವು, ಬಾಗಿಲು ಮುಚ್ಚಿತ್ತು, ಬಾಗಿಲ ಕೆಳಗಿನ ಸಂದಿಗೂ ಒಂದು ಟವೆಲು. ಅರ್ಧ ಗಂಟೆಯಲ್ಲಿ ಪಾದರಸ ಮೂವತ್ತಾರೂವರೆಗೆ ಬಂತು. ಅವಳಿಗೆ ಕುಣಿಯಬೇಕೆನಿಸಿತು. ನೋಟ್‌ಬುಕ್ಕಿಗೆ ಕೈ ಹಾಕುವಷ್ಟರಲ್ಲಿ ಮಾವನ ಕಡೆ ನೋಡಿದಳು. ಮುಖ ಕೆಂಪಡರಿತ್ತು, ಬಾಯಿ ತೆರೆದಿತ್ತು. ಅಂಕಿ ಇಳಿದಿತ್ತು, ಉಸಿರು ಏರಿತ್ತು.

"ತಾಯಿ," ಎಂದರು ಅವರು, ಪದಕ್ಕೊಂದು ಉಸಿರಿನಂತೆ, "ನೀನು ನನ್ನನ್ನ... ಹಬೆಯಲ್ಲಿ... ಬೇಯಿಸ್ತಾ ಇದ್ದೀಯ."

ಅವಳು ಬಟ್ಟೆಗಳನ್ನು ಕಿತ್ತೆಸೆದಳು, ಕಿಟಕಿ ಬಾಗಿಲು ತೆರೆದಳು, ಬೀಸಣಿಗೆ ಹಿಡಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತಾಯಿತಲ್ಲ ತನ್ನ ಬುದ್ಧಿ. ಹೊರಗಿನ ಬಿಸಿ ನುಗ್ಗಿ ಪಾದರಸ ನೆಗೆದು ಮೂವತ್ತೊಂಬತ್ತಕ್ಕೆ ಹೋಯಿತು. ಮಾವನ ಉಸಿರು ಮಾತ್ರ ಮೆಲ್ಲಗೆ ಹಾದಿಗೆ ಬಂತು.

"ಡ್ಯಾಂಪರ್ ಮುಚ್ಚಿ ಬೆಂಕಿ ಹಾಕೋರು ಹೊಸಬರು," ಎಂದರು ಸ್ವಲ್ಪ ಹೊತ್ತಿನ ಮೇಲೆ.

ಮೂವತ್ತು ವರ್ಷ ಬಟ್ಟೆ ಗಿರಣಿಯ ಬಾಯ್ಲರಿಗೆ ಕಲ್ಲಿದ್ದಲು ಎರಚಿದವರು ಅವರು. ಕಟ್ಟಡದ ತುಂಬ ಅವರಿಗೆ ಬಾಯ್ಲರ್ ಎಂದೇ ಹೆಸರು.

"ಡ್ಯಾಂಪರ್ ಅಂದ್ರೆ?"

"ಚಿಮಣಿಯೊಳಗಿನ ತಟ್ಟೆ. ಅದು ತೆರೆದಿದ್ರೆ ಚಿಮಣಿ ಎಳೆಯತ್ತೆ. ಮುಚ್ಚಿದ್ರೆ ಹೊಗೆ, ಬಿಸಿ ಎಲ್ಲಾ ನಿನ್ನ ಮುಖಕ್ಕೆ." ನೀರು ಕುಡಿದು ಮುಂದುವರಿಸಿದರು. "ಬಾಯ್ಲರ್ ಮನೇಲಿ ಎಲ್ಲಕ್ಕಿಂತ ತಂಪಾದ ಜಾಗ ಯಾವ್ದು, ಹೇಳು ನೋಡೋಣ."

"ಬಾಗಿಲು?"

"ಒಲೆಯ ಬುಡ. ಬೂದಿ ಬಾಗಿಲ ಮುಂದೆ. ಚಿಮಣಿ ಮೇಲಿಂದ ಎಳೀತಿರತ್ತಲ್ಲ, ಹೊರಗಿನ ಗಾಳಿಯೆಲ್ಲ ಅಲ್ಲಿಂದಲೇ ಒಳಗೆ ನುಗ್ಗಬೇಕು. ಅಲ್ಲಿ ಕೂತು ಊಟ ಮಾಡ್ತಿದ್ವಿ, ಅಂಗಿ ಪಟಪಟ ಅಂತಿತ್ತು." ಅವರು ಮಾತು ನಿಲ್ಲಿಸಿ ಅಟ್ಟದ ಮುಚ್ಚಳವನ್ನು ನೋಡಿದರು. ಮುಚ್ಚಳದ ಅಂಚಿನಲ್ಲಿ ಗೋಣಿ ತುಂಡು ಇಣುಕುತ್ತಿತ್ತು. "ಅದನ್ನ ತೆಗಿ."

"ಅಯ್ಯೋ ಮಾವ, ಮೇಲೆ ಕೆಂಡ ಇದ್ದ ಹಾಗಿದೆ!"

"ಕೆಂಡ ಇರಲಿ ಅಂತಾನೇ. ತೆಗಿ. ಬೆಂಕಿಪೊಟ್ಟಣ ತಗೊಂಡು ಹತ್ತು."

ಹಬೆಯಲ್ಲಿ ಬೇಯಿಸಿದ ತಪ್ಪು ತಲೆಯ ಮೇಲಿದ್ದುದರಿಂದ ಅವಳು ಎದುರಾಡಲಿಲ್ಲ. ಗೋಣಿ ಎಳೆದು, ಮುಚ್ಚಳವನ್ನು ತಲೆಯಿಂದ ಎತ್ತಿ ಸರಿಸಿದಳು. ಅಟ್ಟದ ಕತ್ತಲು ಒಲೆಯಂತೆ ಕುದಿಯುತ್ತಿತ್ತು. ಆಚೆ ತುದಿಯ ಗೋಡೆಯಲ್ಲಿ ಹೊಗೆ ಹೋಗಲು ಬಿಟ್ಟಿದ್ದ ಜಾಲರಿಯಿಂದ ಬೆಳಕಿನ ಚುಕ್ಕೆಗಳು. ಬಿಸಿ ಮುಖಕ್ಕೆ ಬಡಿಯುತ್ತದೆಂದು ಕಣ್ಣು ಮುಚ್ಚಿಕೊಂಡಳು. ಬಡಿಯಲಿಲ್ಲ.

"ಕಿಟಕಿ ಮುಚ್ಚಿದೆಯಾ? ಮೆಟ್ಟಿಲ ಬಾಗಿಲು ತೆರೆದಿದೆಯಾ? ಈಗ ಕಡ್ಡಿ ಗೀಚು. ಮುಚ್ಚಳದ ಬಾಯಿಗೆ ಹಿಡಿ."

ಇಳಿದು ಕಿಟಕಿ ಮುಚ್ಚಿ, ಮತ್ತೆ ಹತ್ತಿ ಗೀಚಿದಳು. ಜ್ವಾಲೆ ಒಂದು ಕ್ಷಣ ನೆಟ್ಟಗೆ ನಿಂತು, ಯಾರೋ ಕರೆದಂತೆ ಮೇಲಕ್ಕೆ ಚಾಚಿ, ತೆಳ್ಳಗಾಗಿ, ಅಟ್ಟದೊಳಕ್ಕೆ ಬಾಗಿತು. ಅವಳ ಕುತ್ತಿಗೆಯ ಹಿಂದಿನ ಕೂದಲು ಅಲುಗಿತು.

"ಎಳೀತಿದೆ," ಎಂದಳು ಪಿಸುದನಿಯಲ್ಲಿ.

"ಎಳೆಯದೆ ಏನು ಮಾಡತ್ತೆ? ಸೂರ್ಯ ಬಿಟ್ಟಿ ಬೆಂಕಿ ಹಾಕ್ತಿದಾನೆ." ಮಾವನ ಧ್ವನಿಯಲ್ಲಿ ಎರಡು ವಾರದಿಂದ ಇಲ್ಲದ ಒಂದು ಗತ್ತು. "ಎಳೆಯೋದು ಸಿಕ್ತು. ಇನ್ನು ತಣ್ಣನೆ ಗಾಳಿ ಎಲ್ಲಿದೆ, ಅದನ್ನ ಹುಡುಕು."

ತಣ್ಣನೆ ಗಾಳಿ ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿತ್ತು. ನೆಲಮಾಳಿಗೆಯಲ್ಲಿ. ಕಲ್ಲಿನ ಗೋಡೆ, ನೀರಿನ ತೊಟ್ಟಿ, ಹಿತ್ತಿಲ ನೆರಳಿಗೆ ತೆರೆಯುವ ಎರಡು ಜಾಲರಿ ಕಿಂಡಿಗಳು. ಅದರ ಬಾಗಿಲು ಮೆಟ್ಟಿಲ ಬುಡದಲ್ಲೇ ಇತ್ತು. ಬೀಗದ ಕೈ ಮಾತ್ರ ಬೀಗದಮ್ಮನ ಸೊಂಟದಲ್ಲಿತ್ತು.

ಬೀಗದಮ್ಮ ನೆಲಮಹಡಿಯ ಮುದುಕಿ, ಕಟ್ಟಡದ ಮೇಲ್ವಿಚಾರಕಿ. "ಬಾಗಿಲು ಹಾಕ್ರೀ!" ಎಂಬ ಅವಳ ಕೂಗಿನಿಂದಲೇ ಕಟ್ಟಡಕ್ಕೆ ಬೆಳಗಾಗುತ್ತಿತ್ತು. ಸೊಸೆ ನಾಲ್ಕು ಮಹಡಿ ಇಳಿಯುವಷ್ಟರಲ್ಲಿ ಹೇಳಬೇಕಾದ ಮಾತನ್ನು ಆರು ಸಲ ಜೋಡಿಸಿಕೊಂಡಳು. ಮುದುಕಿಯ ಎದುರು ನಿಂತಾಗ ಒಂದೂ ನೆನಪಿಗೆ ಬರಲಿಲ್ಲ.

"ದೊಡ್ಡಮ್ಮ, ನೆಲಮಾಳಿಗೆ ಬೀಗ... ನಾಳೆ ಒಂದು ದಿನ ತೆಗೆದಿಟ್ರೆ... ಮಾವನಿಗೆ ಗಾಳಿ..."

"ಬಾಯ್ಲರಿಗಾ?" ಬೀಗದಮ್ಮ ಕುರ್ಚಿಯಲ್ಲೇ ನೆಟ್ಟಗಾದಳು. "ಮೂವತ್ತು ವರ್ಷ ಆ ಮನುಷ್ಯ ಮಸಿ ಬೂಟು ಹಾಕ್ಕೊಂಡು ಈ ಮೆಟ್ಟಿಲು ಹತ್ತಿದಾನೆ. ಮೂವತ್ತು ವರ್ಷ ನಾನು ಒರೆಸಿದೀನಿ. ಒಂದು ದಿನಾನಾದ್ರೂ ಬೂಟು ಕೈಯಲ್ಲಿ ಹಿಡ್ಕೊಂಡು ಹತ್ತಿದ್ನಾ, ಕೇಳು ಹೋಗು! ಈಗ ಅವನ ಗಾಳಿಗೆ ನಾನು ಬೀಗ ತೆಗೀಬೇಕು. ಬೆಕ್ಕು ನುಗ್ಗಿದ್ರೆ? ಕಳ್ಳ ನುಗ್ಗಿದ್ರೆ? ತೊಟ್ಟಿ ನೀರಿಗೆ ಏನಾದ್ರೂ ಬಿದ್ರೆ?"

ಸೊಸೆಯ ಕೈಯಲ್ಲಿ ಬೆಂಕಿಪೊಟ್ಟಣ ಇನ್ನೂ ಇತ್ತು. ನೆಲಮಾಳಿಗೆಯ ಬಾಗಿಲ ಬಳಿ ಹೋಗಿ, ಕುಕ್ಕರಗಾಲಲ್ಲಿ ಕುಳಿತು, ಕಡ್ಡಿ ಗೀಚಿ ಬೀಗದ ತೂತಿನ ಮುಂದೆ ಹಿಡಿದಳು. ಜ್ವಾಲೆ ತೂತಿಗೆ ಬೆನ್ನು ತಿರುಗಿಸಿ ಈಚೆ ಬಾಗಿ, ಫಕ್ಕನೆ ಆರಿಹೋಯಿತು.

"ಏನು ಮಾಟ ಮಾಡ್ತಿದೀಯೇ?"

"ಮಾಟ ಅಲ್ಲ ದೊಡ್ಡಮ್ಮ. ಇಲ್ಲಿ ಕೈ ಇಟ್ಟು ನೋಡಿ."

ಮುದುಕಿ ಗೊಣಗುತ್ತಲೇ ಬಂದು ತೂತಿನ ಮುಂದೆ ಅಂಗೈ ಇಟ್ಟಳು. ಗೊಣಗಾಟ ನಿಂತಿತು. ಆಮೇಲೆ ಬಾಗಿಲಿಗೆ ಕೈ ಊರಿ ನಿಧಾನವಾಗಿ ಬಗ್ಗಿ, ಬೆವರಿದ ಕೆನ್ನೆಯನ್ನು ಆ ತೂತಿನ ಮುಂದೆ ತಂದಳು. ಹಾಗೇ ಬಹಳ ಹೊತ್ತು ಇದ್ದಳು. ಎಷ್ಟು ಹೊತ್ತೆಂದರೆ, ಸೊಸೆಗೆ ಅವಳ ಸೊಂಟದ ಚಿಂತೆಯಾಯಿತು.

"ಇಷ್ಟು ವರ್ಷ ಇದನ್ನ ಒಳಗೆ ಕೂಡಿಹಾಕಿದ್ದೆನಾ ನಾನು," ಎಂದಳು ಬೀಗದಮ್ಮ ಕೊನೆಗೆ. ತಕ್ಷಣ ಗಂಟಲು ಸರಿಮಾಡಿಕೊಂಡಳು. "ನಾಳೆ ಬೆಳಿಗ್ಗೆ ತೆಗೀತೀನಿ. ಬಾಗಿಲ ಮುಂದೆ ನಾನೇ ಕುರ್ಚಿ ಹಾಕ್ಕೊಂಡು ಕೂತ್ಕೋತೀನಿ. ಬೆಕ್ಕಿಗಾಗಿ. ಬಾಯ್ಲರಿಗಾಗಿ ಅಲ್ಲ ಅಂತ ಹೇಳು ಅವನಿಗೆ."

ಶುಕ್ರವಾರ ಬೆಳಿಗ್ಗೆ ಮಾವ ಮಂಚದಿಂದಲೇ ಯಜಮಾನಿಕೆ ನಡೆಸಿದರು. ಒದ್ದೆ ಬಟ್ಟೆ ಈಗ ಕೋಣೆಗಲ್ಲ, ನೆಲಮಾಳಿಗೆಯ ಕಿಂಡಿಗಳಿಗೆ. ಬೀದಿ ಬಾಗಿಲು ಮುಚ್ಚಬೇಕು. ಪ್ರತಿ ಮಹಡಿಯಲ್ಲೂ ಮೆಟ್ಟಿಲ ಕಿಟಕಿ ಮುಚ್ಚಬೇಕು. ಗಾಳಿಗೆ ಒಂದೇ ಬಾಯಿ ಇರಬೇಕು, ಅದು ಬುಡದಲ್ಲಿ. ಒಂದೇ ದಾರಿ, ಅದು ಅವರ ಮಂಚದ ಮೇಲೆ ಹಾದು ಅಟ್ಟಕ್ಕೆ. ಸೊಸೆ ಹತ್ತಿ ಇಳಿದು, ಇಳಿದು ಹತ್ತಿ, ಒಂದೊಂದನ್ನೂ ಪಟ್ಟಿಯಲ್ಲಿ ಗೀಟು ಹಾಕಿದಳು.

ಹತ್ತು ಗಂಟೆಗೆ ಮೂವತ್ತೈದು. ತಗಡು ಕಾಯುತ್ತ ಬಂದಂತೆ ಎಳೆತ ಬಲವಾಯಿತು. ಹೊರಗೆ ಬಿಸಿಲು ಏರಿದಷ್ಟೂ ಒಳಗೆ ಪಾದರಸ ಇಳಿಯುವುದನ್ನು ಅವಳು ನಂಬಲಾರದೆ ನೋಡಿದಳು. ಹನ್ನೆರಡಕ್ಕೆ ಮೂವತ್ತಮೂರೂವರೆ. ಒಂದೂವರೆಗೆ ಮೂವತ್ತೆರಡೂವರೆ. ಮಾವನ ಅಂಗಿಯ ಕಾಲರು ಅಲುಗುತ್ತಿತ್ತು.

ಎರಡೂಕಾಲಿಗೆ ಮೂವತ್ತಮೂರು.

ಅವಳು ಕಣ್ಣುಜ್ಜಿ ಮತ್ತೆ ನೋಡಿದಳು. ಎರಡೂವರೆಗೆ ಮೂವತ್ತಮೂರೂವರೆ. "ಮಾವ, ಏರ್ತಿದೆ."

"ಗಾಜನ್ನ ಏನು ನೋಡ್ತೀಯ? ಕಡ್ಡಿ ಗೀಚು."

ಮುಚ್ಚಳದ ಬಾಯಲ್ಲಿ ಜ್ವಾಲೆ ಮೇಲಕ್ಕೇ ಬಾಗಿತು. ಬಾಗಿಲ ಬಳಿ ಹಿಡಿದಾಗ ಒಳಕ್ಕೇ ಬಾಗಿತು. ಎಳೆತ ಕುಗ್ಗಿರಲಿಲ್ಲ. ಆದರೆ ಬರುವ ಗಾಳಿ ಬೆಚ್ಚಗಿತ್ತು.

"ಎಲ್ಲೋ ಸೋರ್ತಿದೆ," ಎಂದರು ಮಾವ. "ನಡುವೆ ಯಾರೋ ಇನ್ನೊಂದು ಬಾಯಿ ತೆಗೆದಿದಾರೆ. ಬುಡದ ಗಾಳಿ ಬಿಟ್ಟು ಬಿಸಿಲಿನ ಗಾಳಿ ಕುಡೀತಿದೆ. ಓಡು!"

ಅವಳು ಮೆಟ್ಟಿಲ ಕಟಾಂಜನ ಹಿಡಿದು ಕೆಳಗೆ ಬಗ್ಗಿ ನೋಡಿದಳು. ಎರಡನೇ ಮಹಡಿಯ ತಿರುವಿನಲ್ಲಿ ಉದ್ದಕ್ಕೆ ಬಿಸಿಲು ಬಿದ್ದಿತ್ತು. ಆ ಮಹಡಿಯಲ್ಲಿರುವ ದರ್ಜಿ, ತಂಪಾದ ಮೆಟ್ಟಿಲಿಗೆ ಹೊಲಿಗೆ ತಂದುಕೊಂಡು, ಸೂಜಿಗೆ ದಾರ ಪೋಣಿಸಲು ಬೆಳಕು ಸಾಲದೆಂದು ಕಿಟಕಿಯನ್ನು ಹಾರುಹೊಡೆದಿದ್ದ. ಇಳಿದು ಹೋಗಿ, ದಯವಿಟ್ಟು ಎಂದು, ಕಾರಣ ವಿವರಿಸಿ... ಅಷ್ಟು ಸಮಯವಿರಲಿಲ್ಲ. ಗ್ರಂಥಾಲಯದಲ್ಲಿ ಹನ್ನೊಂದು ವರ್ಷ ಪಿಸುಮಾತಿನಲ್ಲೇ ಕಳೆದವಳು ಎದೆ ತುಂಬ ಉಸಿರೆಳೆದುಕೊಂಡಳು.

"ಕಿಟಕಿ ಹಾಕ್ರೀ!"

ಕೂಗು ನಾಲ್ಕು ಮಹಡಿ ಇಳಿದು ಹತ್ತಿತು. ದರ್ಜಿಯ ಕೈಯಿಂದ ಸೂಜಿ ಬಿತ್ತು. ಬುಡದಿಂದ ಬೀಗದಮ್ಮ, "ಯಾರೇ ಅದು ನನ್ನ ಥರ ಕೂಗೋದು?" ಎಂದಳು. ಕಿಟಕಿ ದಡಕ್ಕನೆ ಮುಚ್ಚಿಕೊಂಡಿತು.

ಡಾಕ್ಟ್ರಮ್ಮ ಬಂದಾಗ ಮೂರು ಹೊಡೆದು ಐದು ನಿಮಿಷ. ಹೊರಗೆ ನಲವತ್ತೊಂದು ಎಂದರು ಬುಡದಲ್ಲಿ ಬೆವರು ಒರೆಸುತ್ತ. ಮೂರನೇ ಮಹಡಿಗೆ ಹತ್ತುವಷ್ಟರಲ್ಲಿ ಕರವಸ್ತ್ರ ಹಿಡಿದ ಕೈ ಒರೆಸುವುದನ್ನು ಮರೆತಿತ್ತು. ಕೋಣೆಗೆ ಬಂದು ಅಟ್ಟದ ತೆರೆದ ಬಾಯಿಯನ್ನು ನೋಡಿ ಹುಬ್ಬೇರಿಸಿದರು. ಗೋಡೆಯ ಬಳಿ ಹೋಗಿ ಕನ್ನಡಕ ಸರಿಮಾಡಿಕೊಂಡರು. ಸೊಸೆ ಬೆನ್ನ ಹಿಂದೆ ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ಮೂವತ್ತೊಂದೂವರೆ," ಎಂದರು ಡಾಕ್ಟ್ರಮ್ಮ. ನಂಬದೆ, ಚೀಲದಿಂದ ತಮ್ಮದೇ ಇನ್ನೊಂದು ಮಾಪಕ ತೆಗೆದು ಐದು ನಿಮಿಷ ಕಾದರು. "ಮೂವತ್ತೊಂದಕ್ಕೆ ಹತ್ತಿರ. ಏನು ಮಾಡಿದ್ರಿ ಇಲ್ಲಿ?"

"ಬೆಂಕಿ ಹಾಕಿದ್ವಿ," ಎಂದರು ಮಾವ.

ಡಾಕ್ಟ್ರಮ್ಮ ಅವರ ಎದೆ ಕೇಳಿದರು, ಇನ್ನೊಮ್ಮೆ ಕೇಳಿದರು. ಆಸ್ಪತ್ರೆಗೆ ಸೇರಿಸಲು ತಂದಿದ್ದ ಅರ್ಜಿಯನ್ನು ನಾಲ್ಕಾಗಿ ಮಡಿಸಿ ಚೀಲದ ತಳಕ್ಕೆ ಹಾಕಿದರು. ಹೊರಟವರು ಬಾಗಿಲಲ್ಲಿ, ಗಾಳಿ ಬರುವಲ್ಲಿ, ಕಾರಣವಿಲ್ಲದೆ ಸ್ವಲ್ಪ ಹೊತ್ತು ನಿಂತರು. "ಹಿರಿಯರೇ, ಇನ್ನು ಮೂರು ವಾರ ಇದೇ ಎಳೆತ ಇರಲಿ," ಎಂದು ಇಳಿದು ಹೋದರು.

ಮಾವ ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ಕಾಲು ಚಾಚಿ, ಹೆಬ್ಬೆರಳುಗಳನ್ನು ಅಲುಗಾಡಿಸಿ, ತಮ್ಮ ಮಂಚದ ಉದ್ದವನ್ನು ನೋಡಿಕೊಂಡರು.

ಸಂಜೆಯಾಗುತ್ತ ಮೆಟ್ಟಿಲುಗಳು ಭರ್ತಿಯಾದವು. ಕಟ್ಟಡದವರೆಲ್ಲ ಮೆಟ್ಟಿಲಿಗೊಬ್ಬರಂತೆ ತರಕಾರಿ, ಹೆಣಿಗೆ, ಪತ್ರಿಕೆ ಹಿಡಿದು ಕುಳಿತರು. ಯಾರೋ ಬುಡದಲ್ಲಿ ಅಭ್ಯಾಸಬಲದಿಂದ ನೆಲಮಾಳಿಗೆಯ ಬಾಗಿಲು ಎಳೆದಿರಬೇಕು. ಬೀಗದಮ್ಮನ ಕೂಗು ನಾಲ್ಕನೇ ಮಹಡಿಗೂ ಕೇಳಿಸಿತು.

"ಬಾಗಿಲು ಹಾಕಬೇಡ್ರೀ!"

ಮಾವ ಹಾಸಿಗೆಯಲ್ಲೇ ನಕ್ಕರು. "ಅವಳಿಗೆ ಹೇಳು, ನಾನು ಎದ್ದು ಓಡಾಡೋ ದಿನ ಬೂಟು ಕೈಯಲ್ಲಿ ಹಿಡ್ಕೊಂಡೇ ಹತ್ತೀನಿ ಅಂತ."

ಹೇಳಿ ಬರಲು ಎದ್ದವಳ ತೊಡೆಯಿಂದ ನೋಟ್‌ಬುಕ್ ಜಾರಿ ಬಿತ್ತು. ಎತ್ತಿಕೊಂಡು ನೋಡಿದಳು. ಮೂರು ಗಂಟೆಯ ಎದುರು ಮೂವತ್ತೊಂದೂವರೆ ಎಂದಿತ್ತು. ನಾಲ್ಕರ ಎದುರು ಏನೂ ಇರಲಿಲ್ಲ, ಐದರ ಎದುರೂ ಇರಲಿಲ್ಲ. ಪೆನ್ಸಿಲ್ಲು ಎಲ್ಲಿದೆ ಎಂದು ಸುತ್ತ ನೋಡಿ, ಆಮೇಲೆ ಹುಡುಕುವುದನ್ನು ಬಿಟ್ಟು, ಚಪ್ಪಲಿ ಮೆಟ್ಟಿಕೊಂಡಳು.